ಎಣ್ಣೆ ಡಬ್ಬಿ, ಅಣ್ಣನ ಹೊಲ

2022ರ ಫೆಬ್ರುವರಿ ಮೊದಲ ವಾರ ಒಂದು ಮದುವೆಗೆ ಚಕ್ಕುಲಿ, ಕೋಡುಬಳೆ, ಶಂಕರಪೋಳಿ ಮಾಡಿಕೊಡೋ ಆರ್ಡರ್ ಹಿಡಿದಿದ್ದೆ. ಮನೆಯಲ್ಲೇ ಕುರುಕಲು ತಿಂಡಿ ಮಾಡಿ ಕೊಡೋದು ನನ್ನ ಹತ್ತು ವರ್ಷದ ಕಸುಬು. ಕೇಜಿಗೆ ಇಷ್ಟು ಅಂತ ಮಾತಾಗಿ ಅಡ್ವಾನ್ಸೂ ಬಂದಿತ್ತು. ಮದುವೆ ಮಾರ್ಚ್ ಕೊನೆಗೆ. ನಡುವೆ, ಫೆಬ್ರುವರಿ 24ಕ್ಕೆ, ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಟಿ.ವಿ.ಯಲ್ಲಿ ನೋಡಿ 'ಅಯ್ಯೋ ಪಾಪ' ಅಂದುಕೊಂಡು ಚಕ್ಕುಲಿಗೆ ಅಕ್ಕಿ ತೊಳೆದು ಒಣಹಾಕಿದೆ.

ಮಾರ್ಚಲ್ಲಿ ಅಂಗಡಿಗೆ ಹೋದರೆ ಸೂರ್ಯಕಾಂತಿ ಎಣ್ಣೆ ಡಬ್ಬಿಗೆ ಐನೂರು, ಆರ್ನೂರು ರೂಪಾಯಿ ಜಾಸ್ತಿ! ನನಗೆ ಬೇಕಾಗಿದ್ದದ್ದು ಎರಡು ಡಬ್ಬಿ. ಮದುವೆ ಮನೆಯವರ ಹತ್ತಿರ ಮತ್ತೆ ದರದ ಮಾತೆತ್ತೋಕೆ ನಾಲಿಗೆ ಏಳಲಿಲ್ಲ. ಸಹಾಯಕ್ಕೆ ಬಂದಿದ್ದ ಇಬ್ಬರಿಗೆ ಕೂಲಿ ಕೊಟ್ಟ ಮೇಲೆ ನನಗೆ ಉಳಿದದ್ದು ಬಾಣಲೆ ತಿಕ್ಕೋ ಕೆಲಸ ಅಷ್ಟೇ.

ಆಮೇಲೆ ಕೂತು ಓದಿದಾಗ ಗೊತ್ತಾಯಿತು, ನಮ್ಮ ದೇಶ ತರಿಸಿಕೊಳ್ಳೋ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆಗ ಉಕ್ರೇನಿನದು, ಉಳಿದದ್ದರಲ್ಲಿ ದೊಡ್ಡ ಪಾಲು ರಷ್ಯಾದ್ದು. ಕಪ್ಪು ಸಮುದ್ರದ ಬಂದರು ಮುಚ್ಚಿದರೆ ಬಾಣಲೆಗೆ ಏನು ಸುರಿಯೋದು? ಎಲ್ಲರೂ ತಾಳೆಎಣ್ಣೆ ಕಡೆ ಓಡಿದರು. ಅತ್ತ ಇಂಡೊನೇಷ್ಯಾದಲ್ಲಿ ಅವರ ಮಂದಿಗೇ ಅಡುಗೆ ಎಣ್ಣೆ ಸಿಗದೆ ಕ್ಯೂ ನಿಂತಿದ್ದರು. ಸರ್ಕಾರ ಏಪ್ರಿಲ್ 28ರಿಂದ ತಾಳೆಎಣ್ಣೆ ರಫ್ತನ್ನೇ ನಿಲ್ಲಿಸಿತು. ಮತ್ತೆ ಬಿಟ್ಟದ್ದು ಮೇ 23ಕ್ಕೆ. ತಪ್ಪು ಅನ್ನೋಕೂ ಆಗಲ್ಲ. ಬಿಸಿಲಿಗೆ ಗೋಧಿ ಜೊಳ್ಳಾಯಿತು ಅಂತ ನಾವೂ ಅದೇ ಮೇ 13ಕ್ಕೆ ಗೋಧಿ ರಫ್ತು ನಿಲ್ಲಿಸಿದೆವಲ್ಲ.

ಯುದ್ಧ ಒಂದೇ ಆಗಿದ್ದರೆ ಇಷ್ಟು ಏರುತ್ತಿರಲಿಲ್ಲವೇನೋ. ಹಿಂದಿನ ವರ್ಷ ಕೆನಡಾದಲ್ಲಿ ಬರ ಬಿದ್ದು ಸಾಸಿವೆ ಜಾತಿಯ ಕನೋಲಾ ಕೈಕೊಟ್ಟಿತ್ತು. ಬ್ರೆಜಿಲ್, ಅರ್ಜೆಂಟೀನಾ, ಪರಾಗ್ವೆಗಳಲ್ಲಿ ಮಳೆ ಇಲ್ಲದೆ ಸೋಯಾ ಒಣಗಿತ್ತು. ಎಣ್ಣೆಗಳು ಅಕ್ಕತಂಗಿಯರ ಹಾಗೆ, ಒಂದರ ರೇಟು ಏರಿದರೆ ಉಳಿದವೂ ಹಿಂದೆಯೇ ಹೊರಡುತ್ತವೆ.

ನನಗೆ ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ. ನನ್ನ ತವರು ಗದಗ ಕಡೆ, ಎರೆಭೂಮಿ. ನಾನು ಸಣ್ಣವಳಿದ್ದಾಗ ಊರ ಸುತ್ತ ಸೂರ್ಯಕಾಂತಿಯೇ. ಗಿಳಿ ಓಡಿಸೋಕೆ ನಮಗೆ ತಗಡಿನ ಡಬ್ಬ ಕೊಟ್ಟು ಕಳಿಸೋರು. 1990ರ ದಶಕದಲ್ಲಿ ದೇಶದಲ್ಲಿ 20 ಲಕ್ಷ ಹೆಕ್ಟೇರಿಗೂ ಹೆಚ್ಚು ಸೂರ್ಯಕಾಂತಿ ಇತ್ತು, ಅದರಲ್ಲಿ ಸಿಂಹಪಾಲು ಕರ್ನಾಟಕದ್ದು. ಆಮದು ಎಣ್ಣೆ ಅಗ್ಗವಾಗಿ ಬರತೊಡಗಿತು, ಜತೆಗೆ ರೋಗವೂ ಬಂತು. ಯುದ್ಧದ ಹೊತ್ತಿಗೆ ಹತ್ತನೇ ಒಂದು ಪಾಲಿನ ಆಸುಪಾಸಿಗೆ ಇಳಿದಿತ್ತು. ನಮ್ಮ ಅಣ್ಣನೂ ಕಡಲೆ, ಗೋವಿನಜೋಳಕ್ಕೆ ಹೊರಳಿದ.

ಆ ವರ್ಷ ಫೋನ್ ಮಾಡಿ, "ಅಣ್ಣಾ, ಮತ್ತ ಸೂರ್ಯಕಾಂತಿ ಹಾಕಲ್ಲಾ" ಅಂದೆ. "ತಂಗೆವ್ವಾ, ಯುದ್ಧ ನಿಂತ ಮರುದಿನ ರೇಟ್ ಬಿದ್ರ ನೀ ಬಂದು ತಗೋತಿಯೇನು?" ಅಂದ. ಯುದ್ಧ ನಿಲ್ಲಲಿಲ್ಲ, ಆದರೂ ರೇಟು ಬಿತ್ತು. ನಾನು ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ.

2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಶುದ್ಧೀಕರಿಸದ ಖಾದ್ಯ ತೈಲದ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿತು, ರೈತರಿಗೆ ಬೆಲೆ ಸಿಗಲಿ ಅಂತ. ಹಬ್ಬದ ಸೀಸನ್‌ನಲ್ಲಿ ನನ್ನ ಲೆಕ್ಕ ಮತ್ತೆ ತಲೆಕೆಳಗು. ಅದನ್ನೇ ನಂಬಿ ಅಣ್ಣ ಮುಂದಿನ ಮಳೆಗೆ ಎರಡೆಕರೆ ಸೂರ್ಯಕಾಂತಿ ಬಿತ್ತೋಕೆ ಬೀಜ ವಿಚಾರಿಸಿದ್ದ. 2025ರ ಮೇ ಕೊನೆಗೆ ಸುಂಕ ಶೇ 10ಕ್ಕೆ ಇಳಿಯಿತು.

ಅದೇ ವಾರ ಅವನ ಫೋನು. "ನಿಮ್ಮ ಕಡೆ ಎಣ್ಣಿ ರೇಟ್ ಹೆಂಗೈತಿ?" ಅಂದ.

"ಇಳಿಯೋ ಹಂಗೈತಿ ಅಂತಾರ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಡುಗರ ಸಾಲಿ ಚಾಲೂ ಆತೇನು?" ಅಂತ ಕೇಳಿದ.