ಮಧುಮೇಹ ಔಷಧಿಗಳ ಆಯ್ಕೆ ಮತ್ತು ಸಾರ್ವಜನಿಕ ಆರೋಗ್ಯ ವೆಚ್ಚ: ಕೋಲಾರ ಜಿಲ್ಲೆಯ ಹಿನ್ನೆಲೆಯಲ್ಲಿ ಒಂದು ಅವಲೋಕನ

ಖಾಸಗಿ ವೈದ್ಯರು ಬರೆದುಕೊಟ್ಟ ಮಧುಮೇಹದ ಮಾತ್ರೆಯು ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ಹೆಸರಿನಿಂದ ದೊರೆಯದಿದ್ದಾಗ, ಹುತ್ತೂರು ಹೋಬಳಿಯ ಗ್ರಾಮದಿಂದ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯವರೆಗೆ ಬಂದ ರೋಗಿಗೆ ಬೇಸರವಾಗುವುದು ಸಹಜ. ಆದರೆ ಇದಕ್ಕೆ ಮುಖ್ಯ ಕಾರಣ ನಿರ್ಲಕ್ಷ್ಯವಲ್ಲ, ಔಷಧಿಗಳನ್ನು ಆಯ್ಕೆ ಮಾಡಿ ಖರೀದಿಸುವ ಕ್ರಮ.

2010ರಲ್ಲಿ ಆರಂಭವಾದ ಅಸಾಂಕ್ರಾಮಿಕ ರೋಗಗಳ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದ ಮೊದಲ 100 ಜಿಲ್ಲೆಗಳಲ್ಲಿ ಕೋಲಾರವೂ ಸೇರಿತ್ತು. ಮನೆಬಾಗಿಲಿನಲ್ಲಿಯೇ ತಪಾಸಣೆ ನಡೆಸುವ ಗೃಹ ಆರೋಗ್ಯ ಯೋಜನೆಯು 2024ರ ಅಕ್ಟೋಬರ್‌ನಲ್ಲಿ ಇದೇ ಜಿಲ್ಲೆಯಿಂದ ಪ್ರಾರಂಭವಾಯಿತು. ತಪಾಸಣೆ ಹೆಚ್ಚಿದಂತೆ ಅದುವರೆಗೆ ತಿಳಿಯದಿದ್ದ ರೋಗಿಗಳು ಪತ್ತೆಯಾಗುತ್ತಾರೆ. ಹಾಗೆ ಪತ್ತೆಯಾದ ಪ್ರತಿಯೊಬ್ಬರಿಗೂ ಸಾಮಾನ್ಯವಾಗಿ ಜೀವನಪರ್ಯಂತ ಔಷಧಿ ಒದಗಿಸಬೇಕಾಗುತ್ತದೆ. ಜ್ವರದ ಔಷಧಿಯಂತೆ ಇದು ಐದು ದಿನಗಳಿಗೆ ಮುಗಿಯುವ ಖರ್ಚಲ್ಲ.

ಉದಾಹರಣೆಗೆ, 1,000 ರೋಗಿಗಳು ದಿನಕ್ಕೆ ಎರಡು ಮಾತ್ರೆ ಸೇವಿಸಿದಲ್ಲಿ ವರ್ಷಕ್ಕೆ 7,30,000 ಮಾತ್ರೆಗಳು ಬೇಕು. ಮಾತ್ರೆಯೊಂದಕ್ಕೆ ಕೇವಲ 10 ಪೈಸೆ ವ್ಯತ್ಯಾಸವಾದರೂ 73,000 ರೂಪಾಯಿಗಳ ಅಂತರ ಉಂಟಾಗುತ್ತದೆ. ಆದ್ದರಿಂದಲೇ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮವು ಔಷಧಿಗಳನ್ನು ಕಂಪನಿಯ ಹೆಸರಿನಿಂದಲ್ಲದೆ ಮೂಲ ಔಷಧಿಯ ಹೆಸರಿನಿಂದ, ಟೆಂಡರ್ ಮೂಲಕ ಖರೀದಿಸುತ್ತದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ದಶಕಗಳಿಂದ ಬಳಕೆಯಲ್ಲಿರುವ, ಕಡಿಮೆ ಬೆಲೆಯ ಮಾತ್ರೆಗಳು. ಇವುಗಳಲ್ಲಿ ಮೆಟ್‌ಫಾರ್ಮಿನ್ ಇಂದಿಗೂ ಚಿಕಿತ್ಸೆಯ ಮೊದಲ ಹಂತದ ಔಷಧಿಯೇ ಆಗಿದೆ. ಅಗ್ಗವಾಗಿರುವುದರಿಂದ ಅವು ಕೀಳು ದರ್ಜೆಯವು ಎಂಬ ತಿಳುವಳಿಕೆ ಸರಿಯಲ್ಲ.

ಹೊಸ ಔಷಧಿಗಳ ವಿಷಯ ಇಷ್ಟು ಸರಳವಾಗಿಲ್ಲ. ಎಂಪಾಗ್ಲಿಫ್ಲೋಜಿನ್ ಮಾತ್ರೆಯು ಸಕ್ಕರೆಯನ್ನು ತಗ್ಗಿಸುವುದರ ಜೊತೆಗೆ ಹೃದಯ ಮತ್ತು ಮೂತ್ರಪಿಂಡಗಳಿಗೂ ರಕ್ಷಣೆ ನೀಡುತ್ತದೆ. 2025ರ ಮಾರ್ಚ್‌ನಲ್ಲಿ ಅದರ ಪೇಟೆಂಟ್ ಅವಧಿ ಮುಗಿಯುವವರೆಗೆ ಮಾತ್ರೆಯೊಂದರ ಬೆಲೆ ಸುಮಾರು 60 ರೂಪಾಯಿ ಇತ್ತು. ಅನಂತರ ಕೆಲವು ಕಂಪನಿಗಳ ಮಾತ್ರೆಯ ಬೆಲೆ 10 ರೂಪಾಯಿಗಳಿಗಿಂತ ಕೆಳಗಿಳಿಯಿತು. ದಿನಕ್ಕೊಂದರಂತೆ 1,000 ರೋಗಿಗಳಿಗೆ ವರ್ಷಕ್ಕೆ 60 ರೂಪಾಯಿ ದರದಲ್ಲಿ 2.19 ಕೋಟಿ ರೂಪಾಯಿ ಬೇಕಾದರೆ, 10 ರೂಪಾಯಿ ದರದಲ್ಲಿ 36.5 ಲಕ್ಷ ರೂಪಾಯಿ ಸಾಕು. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಿಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದೂ ಗಮನಾರ್ಹ. ನಿನ್ನೆ ಕೈಗೆಟುಕದಿದ್ದ ಔಷಧಿಯನ್ನು ಇಂದು ಮರುಪರಿಶೀಲಿಸಲು ಅವಕಾಶವಿದೆ.

ಕೇವಲ ಅಗ್ಗದ ದರವನ್ನು ನೋಡಿ ಆಯ್ಕೆ ಮಾಡುವುದೂ ಮಿತವ್ಯಯವಲ್ಲ. ಸಕ್ಕರೆ ಹತೋಟಿಗೆ ಬಾರದೆ ಮೂತ್ರಪಿಂಡಗಳು ವಿಫಲವಾದಲ್ಲಿ ರೋಗಿಗೆ ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ ಅಗತ್ಯವಾಗುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಅದು ಉಚಿತವಾಗಿ ದೊರೆತರೂ ಅದರ ವೆಚ್ಚವನ್ನು ಭರಿಸುವುದು ಸಾರ್ವಜನಿಕ ಬೊಕ್ಕಸವೇ. ಕೂಲಿ ಕಳೆದುಕೊಂಡು ಬಂದುಹೋಗುವ ಕುಟುಂಬದ ನಷ್ಟವು ಯಾವ ಆಯವ್ಯಯದಲ್ಲಿಯೂ ಕಾಣಿಸುವುದಿಲ್ಲ. ಆದುದರಿಂದ ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಮೊದಲು ಹೊಸ ಔಷಧಿ ಒದಗಿಸಿ, ಉಳಿದವರಿಗೆ ಹಳೆಯ ಮಾತ್ರೆಗಳನ್ನು ಒಂದು ದಿನವೂ ತಪ್ಪದಂತೆ ಪೂರೈಸುವುದು ಲಭ್ಯವಿರುವ ಅನುದಾನಕ್ಕೆ ಹೊಂದುವ ಕ್ರಮವಾಗಿ ತೋರುತ್ತದೆ. ದಾಸ್ತಾನು ಮುಗಿದು ಮಧ್ಯೆ ನಿಂತುಹೋಗುವ ಔಷಧಿಯಿಂದ, ಅದು ಎಷ್ಟೇ ಅಗ್ಗವಾಗಿದ್ದರೂ, ಉಳಿತಾಯವಾಗದು.

ಇನ್ಸುಲಿನ್ ಪಡೆಯುವವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಸರ್ಕಾರಿ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ವಿತರಿಸುವ ಸೀಸೆಯಲ್ಲಿ ಪ್ರತಿ ಮಿ.ಲೀ.ಗೆ 40 ಯೂನಿಟ್ ಇರುತ್ತದೆ. ಪೆನ್‌ಗಳಲ್ಲಿ 100 ಯೂನಿಟ್ ಇರುತ್ತದೆ. ಸೀಸೆಯ ಮೇಲಿನ ಸಂಖ್ಯೆಗೆ ಹೊಂದುವ ಸಿರಿಂಜನ್ನೇ ಬಳಸತಕ್ಕದ್ದು. ತಪ್ಪಿದಲ್ಲಿ ಪ್ರಮಾಣ ಎರಡೂವರೆ ಪಟ್ಟು ಏರುಪೇರಾಗುತ್ತದೆ. 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಗೆ ಇನ್ಸುಲಿನ್ ಗ್ಲಾರ್ಜಿನ್ ಸೇರಿದೆ. ರಾತ್ರಿ ವೇಳೆ ಸಕ್ಕರೆ ಕುಸಿಯುವ ತೊಂದರೆ ಇದರಿಂದ ಕಡಿಮೆಯಾಗುವುದಾದರೂ, ಎರಡನೇ ಬಗೆಯ ಮಧುಮೇಹದ ಬಹುತೇಕ ರೋಗಿಗಳಲ್ಲಿ ಹಳೆಯ ಇನ್ಸುಲಿನ್ ಸಹ ಸಕ್ಕರೆಯನ್ನು ಸರಿಸುಮಾರು ಅಷ್ಟೇ ಹತೋಟಿಯಲ್ಲಿಡುತ್ತದೆ.

ಸರ್ಕಾರಿ ಆಸ್ಪತ್ರೆಗೆ ಬರುವಾಗ ಸಾರ್ವಜನಿಕರು ಹಿಂದಿನ ಚೀಟಿ, ಸೇವಿಸುತ್ತಿರುವ ಮಾತ್ರೆಗಳ ಖಾಲಿ ಪಟ್ಟಿ ಹಾಗೂ ಇತ್ತೀಚಿನ ರಕ್ತಪರೀಕ್ಷೆಯ ವರದಿಯನ್ನು ತರಬೇಕಾಗಿ ಕೋರಲಾಗಿದೆ. ಮಾತ್ರೆಯ ಪಟ್ಟಿಯ ಮೇಲೆ ಮುದ್ರಿತವಾಗಿರುವ ಮೂಲ ಔಷಧಿಯ ಹೆಸರನ್ನು ವೈದ್ಯಾಧಿಕಾರಿಗಳಿಗೆ ತೋರಿಸಿದಲ್ಲಿ, ಅದೇ ಔಷಧಿ ಅಥವಾ ಅದಕ್ಕೆ ಸಮಾನವಾದದ್ದು ದಾಸ್ತಾನಿನಲ್ಲಿದೆಯೇ ಎಂಬುದನ್ನು ಅವರು ಪರಿಶೀಲಿಸುತ್ತಾರೆ. ಅಲ್ಲಿಯವರೆಗೆ ಈಗಿನ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.