ವಾಸದ ಮನೆಯೇ ವೃದ್ಧರ ಚಿಕಿತ್ಸೆಗೆ ಅಡ್ಡಿಯಾಗಬೇಕೆ?

2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಬಿಪಿಎಲ್ ಪಡಿತರ ಚೀಟಿಗಳ ರದ್ದತಿ ದೊಡ್ಡ ವಿವಾದವಾಯಿತು. ಸರಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರ ಹೊರತು ಇತರರ ಚೀಟಿ ರದ್ದುಪಡಿಸಕೂಡದೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸೂಚಿಸಿದ ಬಳಿಕ ಗದ್ದಲ ತಣ್ಣಗಾಯಿತು. ಆಗ ಕೇಳಿಬಂದುದು ಬಹುಪಾಲು ಅಕ್ಕಿಯ ಮಾತು. ಆದರೆ ನಮ್ಮ ಧರ್ಮಕೇಂದ್ರಗಳ ವೃದ್ಧರಿಗೂ ವಿಕಲಚೇತನರಿಗೂ ಆ ಚೀಟಿ ಅಕ್ಕಿಗಿಂತ ಹೆಚ್ಚಾಗಿ ಬೇಕಾಗುವುದು ಆಸ್ಪತ್ರೆಯಲ್ಲಿ.

2018ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆ ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ವಿಲೀನಗೊಂಡಿತು. ಇದರನ್ವಯ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಸರಕಾರ ಭರಿಸುವುದು ನಿಗದಿತ ವೆಚ್ಚದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ರೂ. ಮೀರದಂತೆ. ಶಸ್ತ್ರಚಿಕಿತ್ಸೆಯೊಂದಕ್ಕೆ 1 ಲಕ್ಷ ರೂ. ನಿಗದಿಯಾಗಿದ್ದರೆ 70 ಸಾವಿರವನ್ನು ರೋಗಿಯೇ ಹೊಂದಿಸಬೇಕು. ವೆನ್ಲಾಕಿನ ಶಿಫಾರಸು ಪತ್ರ ಕೈಯಲ್ಲಿದ್ದರೂ ಈ ಲೆಕ್ಕ ಬದಲಾಗದು.

ಹಾಗಾದರೆ ಬಡವರು ಯಾರು? ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷ ರೂ. ಮೀರಬಾರದು, ಸ್ವಂತ ಬಳಕೆಯ ಕಾರು ಇರಬಾರದು ಎಂಬ ನಿಯಮಗಳ ಜೊತೆಗೆ, ನಗರವಾಸಿಗಳ ಮನೆ 1000 ಚದರ ಅಡಿಗಿಂತ ದೊಡ್ಡದಿರಬಾರದೆಂಬ ಷರತ್ತೂ ಇದೆ. ಮಂಗಳೂರಿನ ಕ್ರೈಸ್ತ ಮನೆತನಗಳು ಎಡವುವುದು ಇಲ್ಲಿಯೇ. ಚಾವಡಿ, ದೇವರ ಪೀಠದ ಕೋಣೆ, ಹಿಂಬದಿಯ ಅಡುಗೆಮನೆ ಎಲ್ಲ ಸೇರಿದರೆ ತಾತನ ಕಾಲದ ಹಂಚಿನ ಮನೆ ಸುಲಭವಾಗಿ ಆ ಮಿತಿಯನ್ನು ದಾಟುತ್ತದೆ. ಅದರೊಳಗೆ ಒಂಟಿಯಾಗಿ ದಿನ ದೂಡುವ ವಿಧವೆಗೆ ಆ ಮನೆಯಿಂದ ಬರುವ ಆದಾಯವಾದರೂ ಏನು? ಮಳೆಗಾಲಕ್ಕೆ ಮುಂಚೆ ಹಂಚು ಸರಿಪಡಿಸುವ ಖರ್ಚೊಂದೇ. ಊರುಬಿಟ್ಟ ಮಕ್ಕಳು ಕಳುಹಿಸುವ ಹಣ ಧಾರಾಳವಾಗಿ ಬರುತ್ತಿದ್ದರೂ ಬಿಪಿಎಲ್ ಚೀಟಿ ಇಟ್ಟುಕೊಂಡವರು ನಮ್ಮವರಲ್ಲಿಲ್ಲವೆಂದು ಹೇಳುವ ಧೈರ್ಯ ಈ ಅಂಕಣಕ್ಕಿಲ್ಲ. ಆದರೆ ಅಂಥವರನ್ನು ಹಿಡಿಯಲು ಗೋಡೆ ಅಳೆಯುವುದು ಸರಿಯಾದ ಉಪಾಯವಲ್ಲ.

ಅಮೆರಿಕದ ಉದಾಹರಣೆ ನೋಡಿ. ಅಲ್ಲಿನ ಮೆಡಿಕೇಡ್ ಯೋಜನೆಯಲ್ಲಿಯೂ ವೃದ್ಧರಿಗೆ ಮತ್ತು ವಿಕಲಚೇತನರಿಗೆ ಆಸ್ತಿಮಿತಿಯಿದೆ. 2024ರ ಜನವರಿಯಲ್ಲಿ ಅದನ್ನು ಕೈಬಿಟ್ಟ ಕ್ಯಾಲಿಫೋರ್ನಿಯ, ಬೊಕ್ಕಸದ ಕೊರತೆಯಿಂದ 2026ರ ಜನವರಿ 1ರಿಂದ ಒಬ್ಬ ವ್ಯಕ್ತಿಗೆ 1,30,000 ಡಾಲರಿನ ಮಿತಿಯನ್ನು ಮರಳಿ ತಂದಿತು. ಆದರೂ ವಾಸದ ಮನೆಯನ್ನೂ ಒಂದು ವಾಹನವನ್ನೂ ಅಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾವಾದರೋ ಮೊದಲು ನೋಡುವುದು ಅವೆರಡನ್ನೇ!

ವಿಕಲಚೇತನರ ಪಾಡು ಇನ್ನೂ ಕಠಿಣ. ಇಲ್ಲಿ ಅಳೆಯಲ್ಪಡುವುದು ವ್ಯಕ್ತಿಯಲ್ಲ, ಕುಟುಂಬ. ಅಣ್ಣ ಕಾರು ಕೊಂಡರೆ ಅದೇ ಚೀಟಿಯಲ್ಲಿರುವ ವಿಕಲಚೇತನ ತಂಗಿಯ ಚಿಕಿತ್ಸೆಯ ಹಕ್ಕಿಗೂ ಕುತ್ತು. ಬೇರೆ ಸರಕಾರಿ ವಿಮೆಯ ರಕ್ಷಣೆ ಇಲ್ಲದ ವಿಕಲಚೇತನರಿಗೆ ಸಮಗ್ರ ವಿಮಾ ಯೋಜನೆ ರೂಪಿಸಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 24ನೆಯ ಕಲಮು ಹೇಳುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಹಾಗೂ ಬಹುವಿಧ ವೈಕಲ್ಯವುಳ್ಳವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆ 1 ಲಕ್ಷ ರೂ. ವಿಮೆ ಒದಗಿಸುತ್ತದೆ. ಎಪಿಎಲ್ ಕುಟುಂಬದವರೂ ಇದಕ್ಕೆ ಸೇರಬಹುದು. ಆದರೆ ಅಂಧರಿಗೂ ನಡೆಯಲಾರದವರಿಗೂ ಇದು ಅನ್ವಯಿಸದು.

ಕೇಂದ್ರ ಸರಕಾರವು 2024ರ ಅಕ್ಟೋಬರ್ 29ರಂದು ಜಾರಿಗೆ ತಂದ ಆಯುಷ್ಮಾನ್ ವಯ ವಂದನಾ ಯೋಜನೆ 70 ದಾಟಿದವರ ಆದಾಯವನ್ನಾಗಲಿ ಆಸ್ತಿಯನ್ನಾಗಲಿ ಕೇಳುವುದಿಲ್ಲ. ಕಾರ್ಡು ಮಾಡಿಸಿಕೊಂಡವರು ಅದರಡಿ ಚಿಕಿತ್ಸೆ ದೊರೆಯುವುದೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಲೇಸು. 70ಕ್ಕೆ ಒಪ್ಪಿದ ತತ್ತ್ವ 65ರ ವಿಧವೆಗೂ 30ರ ವಿಕಲಚೇತನನಿಗೂ ಏಕೆ ಸಲ್ಲದು? ವಾಸದ ಮನೆಯನ್ನು ಲೆಕ್ಕದಿಂದ ಬಿಡಬೇಕು, ವಿಕಲಚೇತನರನ್ನು ಪ್ರತ್ಯೇಕ ಘಟಕವೆಂದು ಪರಿಗಣಿಸಬೇಕು ಎಂಬ ಮನವಿ ನಮ್ಮ ಶಾಸಕರ ಕೈಸೇರಬೇಕಾಗಿದೆ. ಪೋಪ್ ಫ್ರಾನ್ಸಿಸ್ ಅವರು 2021ರಲ್ಲಿ ಆರಂಭಿಸಿದ ಹಿರಿಯರ ದಿನ ಜುಲೈ ತಿಂಗಳ ನಾಲ್ಕನೆಯ ಭಾನುವಾರ ಬರುತ್ತದೆ. ಅಂದು ಸನ್ಮಾನದ ಶಾಲು ಹೊದಿಸುವುದರೊಂದಿಗೆ, ಯಾರ ಬಳಿ ಯಾವ ಚೀಟಿಯಿದೆಯೆಂದು ಗುರಿಕಾರರು ವಾಳೆವಾರು ಪಟ್ಟಿ ಮಾಡಿದರೆ ಆ ಮನವಿಗೆ ಬೇಕಾದ ಆಧಾರ ದೊರೆಯುತ್ತದೆ.