ರಕ್ತದ ಹನಿಯಲ್ಲಿ ಔಷಧಿಯ ಲೆಕ್ಕ

ಪುಣೆಯ ಸಿನಾಪ್ಸ್ ಲ್ಯಾಬ್ಸ್ ನಡೆಸಿದ ಪರೀಕ್ಷೆಗಳ ದತ್ತಾಂಶ ನಂಬಲರ್ಹವಲ್ಲವೆಂದು ಐರೋಪ್ಯ ಔಷಧ ಸಂಸ್ಥೆಯು 2023ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿತು. ಮರುಪರಿಶೀಲನೆಯ ಬಳಿಕ 2024ರ ಮಾರ್ಚ್‌ನಲ್ಲಿ ಅದನ್ನೇ ದೃಢಪಡಿಸಿ, ಆ ದತ್ತಾಂಶವನ್ನು ನೆಚ್ಚಿದ್ದ ಹಲವಾರು ಜೆನೆರಿಕ್ ಔಷಧಿಗಳ ಪರವಾನಗಿ ಅಮಾನತಿಗೆ ಶಿಫಾರಸು ಮಾಡಿತು. ಮಹಾರಾಷ್ಟ್ರದ ಕನ್ನಡಿಗರಾದ ನಮಗೆ ಇದು ನೆರೆಯೂರಿನ ಸುದ್ದಿ. ತವರಿನ ಸುದ್ದಿಯೂ ಬೇರೆಯಲ್ಲ: ಬೆಂಗಳೂರಿನ ಸೆಮ್ಲರ್ ಸಂಶೋಧನಾ ಕೇಂದ್ರದಲ್ಲಿ ರಕ್ತದ ಮಾದರಿಗಳನ್ನೇ ಅದಲುಬದಲು ಮಾಡಲಾಗಿತ್ತೆಂದು ಅಮೆರಿಕದ ಎಫ್‌ಡಿಎ 2016ರಲ್ಲಿ ಪ್ರಕಟಿಸಿತ್ತು.

ಇಲ್ಲಿ ನಡೆಯುವ ಪರೀಕ್ಷೆಯಾದರೂ ಯಾವುದು? ಮೂಲ ಔಷಧಿಯನ್ನೂ ಅದರ ಜೆನೆರಿಕ್ ರೂಪವನ್ನೂ ಆರೋಗ್ಯವಂತ ಸ್ವಯಂಸೇವಕರಿಗೆ ಬೇರೆಬೇರೆ ದಿನ ಕೊಟ್ಟು, ನಿಗದಿತ ವೇಳೆಗಳಲ್ಲಿ ರಕ್ತ ತೆಗೆಯುತ್ತಾರೆ. ರಕ್ತದಿಂದ ಪ್ಲಾಸ್ಮಾ ಬೇರ್ಪಡಿಸಿ, ಕ್ರೊಮಟೋಗ್ರಫಿಯ ನಳಿಕೆಯಲ್ಲಿ ಹಾಯಿಸಿ, ಮಾಸ್ ಸ್ಪೆಕ್ಟ್ರೋಮೀಟರಿಗೆ ಒಪ್ಪಿಸುತ್ತಾರೆ. ಯಂತ್ರವು ಅಣುಗಳಿಗೆ ವಿದ್ಯುದಾವೇಶವಿತ್ತು, ಅವುಗಳ ತೂಕ ಹಾಗೂ ಆವೇಶದ ಅನುಪಾತದಿಂದ ಗುರುತಿಸಿ, ಒಡೆದ ತುಣುಕುಗಳಿಂದ ಖಚಿತಪಡಿಸಿಕೊಳ್ಳುತ್ತದೆ. ಅಳತೆ ನ್ಯಾನೋಗ್ರಾಮಿನಲ್ಲಿ, ಅಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಇಂಥ ಅಣುಗಳನ್ನು ಆವೇಶಗೊಳಿಸುವ ಎಲೆಕ್ಟ್ರೋಸ್ಪ್ರೇ ವಿಧಾನಕ್ಕಾಗಿ ಜಾನ್ ಫೆನ್ 2002ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ನುಂಗಿದ ಔಷಧಿ ದೇಹದಲ್ಲಿ ರೂಪಾಂತರ ಹೊಂದುವುದೂ ಉಂಟು. ರಕ್ತದೊತ್ತಡದ ಎನಲಾಪ್ರಿಲ್ ಎನಲಾಪ್ರಿಲಾಟ್ ಆಗಿ ಬದಲಾದ ಮೇಲೆಯೇ ಮುಖ್ಯವಾಗಿ ಕೆಲಸ ಮಾಡುತ್ತದೆ. ಈ ಮೆಟಾಬೊಲೈಟನ್ನೂ ಯಂತ್ರ ಅಳೆಯಬಲ್ಲದು. ರಕ್ತಕ್ಕೆ ಸೇರಿದ ಔಷಧಿಯ ಸರಾಸರಿ ಅನುಪಾತದ ಶೇ. 90 ವಿಶ್ವಾಸಾಂತರವು ಸಾಮಾನ್ಯವಾಗಿ ಶೇ. 80ರಿಂದ 125ರೊಳಗೆ ಇರಬೇಕು. ಮಾತ್ರೆಯಲ್ಲಿ ಶೇ. 20ರಷ್ಟು ಔಷಧಿ ಕಡಿಮೆಯಿರಬಹುದೆಂದು ಇದರರ್ಥವಲ್ಲ.

ಯಂತ್ರವು ಕೊಟ್ಟ ಹನಿಯನ್ನು ಅಳೆಯುತ್ತದೆ. ಹನಿ ಯಾರದೆಂದು ಕೇಳುವುದಿಲ್ಲ. ಬ್ಯಾಂಕಿನಲ್ಲಿ ದುಡಿಯುವ ನಾವು ಬಲ್ಲೆವು, ವೋಚರೇ ಸುಳ್ಳಾದರೆ ಲೆಡ್ಜರ್ ತಾಳೆಯಾದರೂ ಲೆಕ್ಕ ಸರಿಯಾಗದು. ಆದ್ದರಿಂದ ದೋಷ ವಿಜ್ಞಾನದ್ದಲ್ಲ, ಮೇಲ್ವಿಚಾರಣೆಯದು.

ಭಾರತವು 2017ರಲ್ಲಿ ನಿಯಮ ತಿದ್ದಿ, ಕರಗಲು ಕಷ್ಟವಾದ ಔಷಧಿಗಳ ವರ್ಗಗಳಿಗೆ ಈ ಪರೀಕ್ಷೆಯನ್ನು ಕಡ್ಡಾಯಗೊಳಿಸಿದ್ದು ಸ್ವಾಗತಾರ್ಹ. ಆದರೆ ನಮ್ಮ ಪ್ರಯೋಗಾಲಯಗಳ ಲೋಪವನ್ನು ಪರದೇಶದವರು ಬಂದು ತೋರಿಸಬೇಕಾದುದು ಸಮಾಧಾನದ ಸಂಗತಿಯಲ್ಲ. ತಪಾಸಣೆಯ ವರದಿಗಳು ಇಲ್ಲಿಯೂ ಜನರ ಕಣ್ಣಿಗೆ ಬೀಳುವಂತಾಗಬೇಕು. ಸುದ್ದಿ ಓದಿ ಬೆದರಿ ಮಾತ್ರೆ ನಿಲ್ಲಿಸುವುದು ಸಲ್ಲದು; ಸಂದೇಹವಿದ್ದವರು ವೈದ್ಯರನ್ನು ಕೇಳಲಿ. ಅಗ್ಗದ ಔಷಧಿ ಬಡವನ ಹಕ್ಕು. ಆ ಔಷಧಿ ನಂಬಿಕೆಗೆ ಅರ್ಹವಾಗಿರುವುದೂ ಅವನ ಹಕ್ಕೇ.